ಕಣ್ಣು ಮಿಟುಕಿಸುವ ಅಜ್ಜಿಯ ನಿವೃತ್ತಿ

ಸಭೆಯ ಅಧ್ಯಕ್ಷರಾದ ಕ್ಯಾಪ್ಟನ್ ಲಯಲ್ ಅವರೇ, ಹೊಸ ಕ್ಯಾಮೆರಾ ಕೊಡಿಸಿರುವ ಅತಿಥಿಗಳೇ, ಬುಂಡಾರಾ ಕ್ರೀಕ್ ಸ್ವಯಂಸೇವಕ ಅಗ್ನಿಶಾಮಕ ದಳದ ಬಂಧುಗಳೇ, ಮಾಂಸದ ಪೈ ಯಾವಾಗ ಬರುತ್ತದೋ ಎಂದು ಅಡುಗೆಮನೆಯ ಕಡೆಗೇ ನೋಡುತ್ತಿರುವ ಸಭಿಕರೇ,

ಇವತ್ತು ನಿವೃತ್ತಿಯಾಗುತ್ತಿರುವವಳು ಈ ಮೇಜಿನ ಮೇಲೆ ಕುಳಿತಿದ್ದಾಳೆ. ಬಿಸಿಯನ್ನು ಚಿತ್ರವಾಗಿ, ಬಿಸಿ ಹೆಚ್ಚಿದಷ್ಟೂ ಬೆಳ್ಳಗೆ ತೋರಿಸುವ ನಮ್ಮ ಅಗ್ಗದ ಕ್ಯಾಮೆರಾ. ನೀವೆಲ್ಲ ಇವಳಿಗೆ ಅಜ್ಜಿ ಎಂದು ಹೆಸರಿಟ್ಟಿರಿ. ಯಾಕೆ ಇಡಬಾರದು? ದುಬಾರಿ ಕ್ಯಾಮೆರಾಗಳ ಹೊಟ್ಟೆಯಲ್ಲಿ ಕಣ್ಣನ್ನು ತಂಪಾಗಿಡುವ ಯಂತ್ರವಿರುತ್ತದೆ, ಇವಳಿಗಿಲ್ಲ. ತನ್ನ ಮೈ ಬಿಸಿಯಾದರೆ ಊರಿಗೆಲ್ಲ ಜ್ವರ ಎನ್ನುತ್ತಾಳೆ. ನಡುನಡುವೆ ಟಕ್ಕೆಂದು ಕಣ್ಣು ಮುಚ್ಚಿ, ಸುಧಾರಿಸಿಕೊಂಡು, ಮತ್ತೆ ನೋಡುತ್ತಾಳೆ. ದೃಷ್ಟಿಯೂ ಮಂಜು ಮಂಜು. ಎಷ್ಟು ಬಿಸಿ ಎಂದು ಕೇಳಿದರೆ ತಪ್ಪು ಹೇಳುತ್ತಾಳೆ. ಆದರೆ ಪಕ್ಕದ್ದಕ್ಕಿಂತ ಯಾವುದು ಬಿಸಿ ಎಂದು ಕೇಳಿ, ಒಮ್ಮೆಯೂ ತಪ್ಪಿದ್ದಿಲ್ಲ.

ಆ ದೊಡ್ಡ ಬೆಂಕಿಯ ಬೇಸಿಗೆ ನಿಮಗೆ ನೆನಪಿದೆ. ಜ್ವಾಲೆ ಆರಿದ ಮೇಲೆ ಅಲ್ಲಲ್ಲಿ ಅಡಗಿದ ಕೆಂಡ ಹುಡುಕಬೇಕಿತ್ತು. ಕೈಗವಸು ತೆಗೆದು ಹಿಂಗೈಯಿಂದ ಮುಟ್ಟಿ ನೋಡುವುದು ನಮ್ಮ ಪದ್ಧತಿ. ಅಜ್ಜಿ ಆ ವಾರವಷ್ಟೇ ದಳಕ್ಕೆ ಬಂದಿದ್ದಳು. ನಾನು ಲಾರಿಯೊಳಗೆ ಕುಳಿತೇ ಮುಂದಿನ ಗಾಜಿಗೆ ಅವಳನ್ನು ಹಿಡಿದೆ. ನನ್ನದೇ ಮುಖ ಮಸುಕಾಗಿ ಕಂಡಿತು! ಇವಳ ನೋಟ ಗಾಜನ್ನು ದಾಟುವುದಿಲ್ಲವೆಂದು ಯಾರಿಗೆ ಗೊತ್ತಿತ್ತು? "ಏನ್ ಗ್ಲೆನಿಸ್, ದೆವ್ವ ಕಾಣಿಸ್ತಾ?" ಎಂದು ನಕ್ಕವರು ನೀವೇ, ಕ್ಯಾಪ್ಟನ್ನರೇ. ಸಿಟ್ಟು ಬಂದು ಕೆಳಗಿಳಿದೆ.

ನನ್ನ ಗಂಡ ಬರ್ನಿ ಗೇಟಿನ ಬಳಿಯ ಹಳೇ ನೀಲಗಿರಿ ಮರಕ್ಕೊರಗಿ ಟೀ ಕುಡಿಯುತ್ತಿದ್ದ. ಮರ ಮೇಲೆಲ್ಲ ಹಸಿರು. ಅವನ ಬೋಳುತಲೆ ಹೊಳೆಯುವುದನ್ನು ನೋಡಿ ನಗೋಣವೆಂದು ಅಜ್ಜಿಯನ್ನು ಅತ್ತ ತಿರುಗಿಸಿದೆ. ತಲೆಗಿಂತ ಮೇಲಕ್ಕೆ, ಮರದ ಕಾಂಡದುದ್ದಕ್ಕೂ, ತಲೆಗಿಂತ ಬೆಳ್ಳಗೆ ಹೊಳೆಯುವ ಒಂದು ಪಟ್ಟೆ.

"ಬರ್ನಿ, ಏಳು ಮಾರಾಯ! ಮರ ಒಳಗೊಳಗೇ ಉರೀತಿದೆ!"

"ಬೆಳಿಗ್ಗೆ ನಿನ್ನ ಅಜ್ಜಿಗೆ ಕುರೀಲೂ ಬೆಂಕಿ ಕಂಡಿತ್ತಲ್ಲೇ. ಟೀ ಕುಡಿಯೋಕೆ ಬಿಡು."

"ಹಾಗಾದ್ರೆ ಮುಟ್ಟಿ ನೋಡು!"

ನನ್ನ ಬಾಯಿ ಮುಚ್ಚಿಸಲೆಂದೇ ಅವನು ತಲೆಗಿಂತ ಮೇಲಿದ್ದ ತೊಗಟೆಗೆ ಹಿಂಗೈ ಇಟ್ಟ. ಚುರ್ರೆಂದು ಕೈ ಹಿಂದೆಳೆದ. ಲೋಟವನ್ನು ಅಲ್ಲೇ ಬಿಟ್ಟು ಓಡಿಬಂದ. ಲಾರಿ ಹಿಂದೆ ಸರಿಸುವಷ್ಟರಲ್ಲಿ ಮರ ಧಡಾರೆಂದು ಆ ಲೋಟದ ಮೇಲೆಯೇ ಬಿತ್ತು. ಆಮೇಲೆ ಇರುವಷ್ಟು ಕಾಲವೂ "ನನ್ನ ಲೋಟ ಹಾಳ್ಮಾಡಿದ್ದು ನೀನೇ ಕಣೇ" ಎಂದ. ಅನ್ನಲಿ! ಹಾಗೆ ಅನ್ನುವವನೊಬ್ಬ ಮನೆಯಲ್ಲಿದ್ದನಲ್ಲ, ಮೊಮ್ಮಗಳನ್ನು ಎತ್ತಿ ಆಡಿಸಿದನಲ್ಲ, ನನಗೆ ಇನ್ನೇನು ಬೇಕಿತ್ತು?

ಇಷ್ಟು ಹೇಳಿ ಕುಳಿತುಕೊಳ್ಳಬೇಕೆಂದಿದ್ದೆ. ಆಗುತ್ತಿಲ್ಲ. ಕಳೆದ ಚಳಿಗಾಲದ ಒಂದು ಬೆಳಿಗ್ಗೆ ಕುರ್ಚಿಯಲ್ಲಿ ಕುಳಿತಿದ್ದಾಗಲೇ ಬರ್ನಿಗೆ ಎದೆನೋವು ಬಂತು. ಆಂಬುಲೆನ್ಸಿನವರು ಎತ್ತಿಕೊಂಡು ಹೊರಟರು. ಅವನ ಕನ್ನಡಕ ತರಲು ಒಳಗೆ ಓಡಿದೆ. ದಳದಿಂದ ಮನೆಗೆ ತಂದು ಚಾರ್ಜಿಗೆ ಹಾಕಿದ್ದ ಅಜ್ಜಿ ಕುರ್ಚಿಯ ಕಡೆ ಮುಖಮಾಡಿ ಎಚ್ಚರವಾಗಿದ್ದಳು. ಪರದೆಯಲ್ಲಿ ಬರ್ನಿ ಇನ್ನೂ ಕುಳಿತಿದ್ದ. ಖಾಲಿ ಕುರ್ಚಿಯಲ್ಲಿ ಅವನ ಬೆನ್ನು, ತೊಡೆ, ಮೊಣಕೈಗಳು. ಅವನು ಬಿಟ್ಟುಹೋದ ಬಿಸಿ. ಅಜ್ಜಿ ಟಕ್ಕೆಂದು ಕಣ್ಣು ಮಿಟುಕಿಸಿದಳು. ಬರ್ನಿ ತುಸು ಮಸುಕಾದ. ಮತ್ತೆ ಮಿಟುಕಿಸಿದಳು, ಇನ್ನೂ ಮಸುಕಾದ. ನಾನು ಹಿಂಗೈ ಇಟ್ಟು ನೋಡಿದೆ. ಬೆಚ್ಚಗಿತ್ತು. ಆಸ್ಪತ್ರೆ ಮುಟ್ಟುವ ಮೊದಲೇ ಅವನು ಹೋದ.

ಹೊಸ ಕ್ಯಾಮೆರಾಕ್ಕೆ ಸ್ವಾಗತ, ಕೊಟ್ಟವರಿಗೆ ತುಂಬು ಕೃತಜ್ಞತೆ. ಹಳೆಯದನ್ನು ಏನು ಮಾಡೋಣವೆಂದು ಕ್ಯಾಪ್ಟನ್ನರು ಕೇಳಿದ್ದಾರೆ. ನನಗೆ ಕೊಡಿ. ಆ ಕುರ್ಚಿಯ ಎದುರಿಗೇ ಇಡುತ್ತೇನೆ. ಈಗ ಅದರಲ್ಲಿ ಮೊಮ್ಮಗಳು ಕೂರುತ್ತಾಳೆ. ಅವಳು ಎದ್ದುಹೋದ ಮೇಲೂ ಸ್ವಲ್ಪ ಹೊತ್ತು ನೋಡಬಹುದಲ್ಲ.

ಮುದುಕಿಯ ಮಾತು ಕೇಳಿದಿರಿ, ದೊಡ್ಡ ಉಪಕಾರವಾಯಿತು. ಪೈ ತಣ್ಣಗಾಗುವ ಮುನ್ನ, ಎಲ್ಲರಿಗೂ ನಮಸ್ಕಾರ.