ಬಿಸಿಲ ಕಡೆಗೆ ತಿರುಗುವ ಕೋಣೆ

ಎಡಿನ್‌ಬರೋದ ಕ್ಷಯರೋಗದ ದವಾಖಾನೆಗೆ ತಮ್ಮನ ಔಷಧಿಗೆಂದು ಬಂದಿದ್ದ ಎಲ್ಸ್‌ಪೆತ್, ಮೂಗಿಗೆ ಕರವಸ್ತ್ರ ಒತ್ತಿಕೊಂಡು ಡಾಕ್ಟರ ಕೋಣೆಯ ಬಾಗಿಲ ಬಳಿ ಕೂತಿದ್ದಳು. ಪಕ್ಕದ ಬೆಂಚಿನಲ್ಲಿ ಇಬ್ಬರು ಹೆಂಗಸರ ಮಾತು ನಡೆದಿತ್ತು.

“ನಿನ್ನ ಗಂಡನ್ನ ಹಿತ್ತಲಲ್ಲಿ ಗೂಡು ಮಾಡಿ ಮಲಗಿಸಿದಾರಂತಲ್ಲ ರೋಬೀನಾ?”

“ಗೂಡಲ್ಲ ಕಣೇ ಜೆಸ್ಸಿ, ಮರದ ಕೋಣೆ. ಡಾಕ್ಟ್ರೇ ಕಳಿಸಿದ್ದು, ಈ ರೋಗಕ್ಕೆ ಬಿಸಿಲು ಗಾಳೀನೇ ಮದ್ದಂತೆ. ಅಡೀಲಿ ಚಕ್ರ ಇದೆ. ಒಂದು ಕೈಲಿ ತಳ್ಳಿದ್ರೆ ಸಾಕು, ಮಂಚದ ಸಮೇತ ಬಿಸಿಲಿನ ಕಡೆ ತಿರುಗತ್ತೆ.”

“ಹಗಲೆಲ್ಲ ನೀನು ಕಂಡೋರ ಮನೇಲಿ ಬಟ್ಟೆ ಒಗೀತಿರ್ತೀಯ. ತಳ್ಳೋರು ಯಾರು?”

“ನಂಗೂ ಅದೇ ಚಿಂತೆಯಾಗಿತ್ತು. ಮೊನ್ನೆ ಬೇಗ ಬಂದು ನೋಡ್ತೀನಿ, ಬಟ್ಟೆ ಒಣಹಾಕೋಕೆ ಹಿತ್ತಲಿಗೆ ಬಂದ ನಮ್ಮ ಕಟ್ಟಡದ ಹೆಂಗಸರೆಲ್ಲ ಬಿಸಿಲು ಸರಿದ ಹಾಗೇ ಒಬ್ಬೊಬ್ಬರಾಗಿ ತಳ್ಳಿ ಹೋಗ್ತಿದಾರೆ. ನಾನು ಯಾರನ್ನೂ ಕೇಳಿರಲಿಲ್ಲ ಕಣೇ.”

“ಮೇಲಿನ ಮನೆ ಮಿಸೆಸ್ ಗೋವನ್ ಕೂಡಾನಾ? ನಿನ್ನ ಗಂಡ ಆರ್ಚಿ ಮೆಟ್ಟಿಲು ಹತ್ತಿದ್ರೆ ಮೂಗು ಮುಚ್ಕೊಳ್ಳೋಳು.”

“ಈಗಲೂ ಮುಚ್ಕೋತಾಳೆ. ಒಂದು ಕೈಲಿ ಮೂಗು, ಇನ್ನೊಂದು ಕೈಲಿ ನನ್ನ ಗಂಡನ ಕೋಣೆ.”

ಜೆಸ್ಸಿ ರೋಬೀನಾಳ ಹತ್ತಿರಕ್ಕೆ ಸರಿದು ಕೂತಳು.

“ನಾನು ಬಂದು ನೋಡ್ಬೇಕು ಕಣೇ ಅದನ್ನ,” ಅಂದಳು ಮೆಲ್ಲಗೆ.

“ಬಾ. ನೀನೂ ಒಂದ್ಸಲ ತಳ್ಳುವಿಯಂತೆ.”

ಅಷ್ಟರಲ್ಲಿ ನರ್ಸ್ ರೋಬೀನಾಳ ಹೆಸರು ಕೂಗಿದಳು. ಇಬ್ಬರೂ ಎದ್ದು ಬಾಗಿಲಿಗೆ ಬಂದರು. ಎಲ್ಸ್‌ಪೆತ್ ಮೂಗಿನ ಮೇಲಿನ ಕರವಸ್ತ್ರ ತೆಗೆಯಲಿಲ್ಲ. ಇನ್ನೊಂದು ಕೈಯಿಂದ ಬಾಗಿಲು ತಳ್ಳಿ, ಅವರು ಒಳಗೆ ಹೋಗುವವರೆಗೂ ಹಿಡಿದುಕೊಂಡಳು.