ಸೈಕಲ್ಲಿಗೊಂದು ಜಾಗ

ಅಲ್ಲೇ ಯಾಕ ನಿಂತಿ? ಚೀಲ ಕೆಳಗ ಇಡು, ವಾಣಿ. ಬಸ್ಸಿಗೆ ಇನ್ನಾ ಹೊತ್ತೈತಿ. ಈಗಿಂದ ಹೆಗಲಿಗೆ ಹಾಕ್ಕೊಂಡ ನಿಂತ್ರ ಹೆಂಗ?

ಇಡು... ಹಾಂ. ಹಂಗ.

ಬಾ, ಯವ್ವಾ. ಒಂದು ತೋರಸ್ತೇನಿ. ನೋಡು, ಆಮ್ಯಾಲ ಹೋಗಂತಿ. ಹೋಗಬ್ಯಾಡ ಅಂತ ನಾ ಎಲ್ಲಿ ಅಂದೇನಿ? ನಿಮ್ಮತ್ತಿ ನನ್ನ ತಂಗಿ. ಪ್ರೀತಿಲೇ ಕರದಾಳ. ಶಿಗ್ಗಾಂವ್ಯಾಗ ನಾಕ ಮಂದಿ ನಡುವ ಇರ್ಲಿ, ಹಗೂರಕ ಎಲ್ಲಾ ಮರೀತಾಳ ಅಂತಾಳ. ಅಲ್ಲಿ ಹೋದ್ರ ಸಾಲಿ ಮಾತ್ರ ಮುಗೀತು. ಅದನ್ನ ಆಕಿ ಬಾಯಿಬಿಟ್ಟು ಹೇಳೂದಿಲ್ಲ. ನಾ ಹೇಳಾಕತ್ತೇನಿ. ನಿಂದು ಹತ್ತನೇತ್ತಾ ಐತಿ. ಈಗ ಬಿಟ್ರ ಬಿಟ್ಟಂಗ. ನಾ ಮೂರನೇತ್ತಾ ಬಿಟ್ಟೆ, ನೋಡು ನನ್ನ... ಗೌಂಡಿ ಕೈಕೆಳಗ ಬುಟ್ಟಿ ಹೊರೂದು.

ಬಾ ಇಲ್ಲೆ. ಗ್ವಾಡಿ ಬಾಜೂಕ.

ಇಷ್ಟ ದಿನ ಇಲ್ಲಿ ಏನ ಕಟ್ಟಾಕತ್ತಾನ ಇವ ಅಂತ ನೀ ಒಮ್ಮೆರ ಕೇಳ್ಲಿಲ್ಲ. ಕೇಳತಿ ಅಂತ ನಾ ಕಾದೆ. ನೀ ಏನೂ ಕೇಳೂದಿಲ್ಲ ಈಗ. ನಿಮ್ಮವ್ವನ್ನ ಮಣ್ಣ ಮಾಡಿ ಬಂದಾಗ ಒಂದ ಮಾತ ಆಡಿದಿ. ಆ ಸೈಕಲ್ ಈ ಮನಿಗೆ ಬರಬಾರ್ದು ಅಂದಿ. ಅದಽ ಕಡಿ ಮಾತು.

ಇರ್ಲಿ. ಬೈಯಾಕತ್ತಿಲ್ಲ. ನೀ ಅಂದದ್ದು ಖರೇನ ಇತ್ತು. ಬೈಪಾಸಿನ್ಯಾಗ ಲಾರಿ ಬಡದದ್ದು ಆಕೀಗೆ. ಆಕಿ ಒಂದ ಕಡೆ ಬಿದ್ಲು, ಸೈಕಲ್ ಒಂದ ಕಡೆ. ಸತ್ತೂರಿನ ದೊಡ್ಡ ದವಾಖಾನಿಗೆ ಒಯ್ಯೂದ್ರಾಗ ಆಕಿ ಇದ್ದಿಲ್ಲ... ಸೈಕಲ್ಲಿಗೆ ಒಂದ ಗೀರಿಲ್ಲ. ಸಿಟ್ಟ ಬರೂದಽ. ನನಗೂ ಬಂತು.

ಬಾ, ಬಾ. ಮ್ಯಾಲ ನೋಡು ಮೊದ್ಲ. ತಗಡು ಹಾಕೇನಿ. ನಾಕ ಪೈಪು ಹುಗದೇನಿ. ಬಿಸಲಿಲ್ಲ, ಮಳಿಯಿಲ್ಲ. ಗ್ವಾಡಿಗೆ ಕಡಿ ಹೊಡದೇನಿ, ಸರಪಳಿ ಹಾಕಿ ಕೀಲಿ ಜಡೀಬಹುದು. ಮೊಳಿ ಐತಿ, ಸಾಲಿಯಿಂದ ಬಂದು ಚೀಲ ಜೋತ ಹಾಕಾಕ. ಎತ್ತರ ನಿನ್ನ ಅಳತಿದು. ಜಾವೀದ ನೋಡಿ ಏನಂದ ಗೊತ್ತೇನು? ಸೈಕಲ್ ಅಂಗಡಿ ಜಾವೀದ... “ಮುರುಗೆಪ್ಪಣ್ಣ, ನೀವು ಮಲಗೂ ಕ್ವಾಣಿ ಸೋರತೈತಿ, ಸೈಕಲ್ಲಿಗೆ ಬಂಗಲೆ ಕಟ್ಟೀರಲ್ರಿ!”

ನಕ್ಕ್ಯಾ? ಇಲ್ಲಾ... ನಕ್ಕಂಗಾತು ನನಗ.

ಮೊದ್ಲ ಜಾಗಾ ಅಂತ ಎಲ್ಲಿತ್ತು ಹೇಳು. ಅಂಗಳದಾಗ ನಿಂದ್ರತಿತ್ತು ಅದು, ಕೆಸರಾಗ. ಸ್ಟ್ಯಾಂಡಿನ ಎಡಗಾಲು ಗಿಡ್ಡ. ಕೆಳಗ ಕಲ್ಲ ಕೊಡದಿದ್ರ ವಾಲಿ ಬೀಳೂದು. ರೊಟ್ಟಿ ಡಬ್ಬಿ ಸಮೇತ ಒಮ್ಮೆ ಬಿತ್ತು, ನೆನಪೈತಿ? ಖಾನಾವಳಿಗೆ ಒಯ್ಯೂ ರೊಟ್ಟಿ ಎಲ್ಲಾ ಮಣ್ಣಾಗ. ಎಷ್ಟ ಬೈದ್ಲು ನಿಮ್ಮವ್ವ ನನ್ನ! ಊರ ಮಂದಿಗೆಲ್ಲಾ ನೆಲಾ ಮಾಡಿಕೊಡ್ತಿ, ನನ್ನ ಸೈಕಲ್ಲಿಗೆ ಒಂದ ಮೊಳಾ ಸಿಮೆಂಟಿಲ್ಲ ನಿನ್ನ ಕಡೆ ಅಂತ. ಆಮ್ಯಾಲ ತಾನಽ ನಕ್ಲು. “ನಿನಕಿಂತ ಇದಽ ಛಲೋ. ತಳ್ಳಿದ್ರರ ಮುಂದ ಹೋಗತೈತಿ” ಅಂದ್ಲು.

ಹೂಂ.

ಮಾಡೇನಿ ಈಗ. ಸರಿ ಆಕಡೆ, ಗೋಣಿಚೀಲ ತಗೀತೇನಿ. ಹೊಸಾ ಸಿಮೆಂಟು ಹಸೀ ಇರಬೇಕು, ಇಲ್ಲಾಂದ್ರ ಸೀಳತೈತಿ. ದಿನಾ ಎದ್ದು ನೀರ ಹೊಡದೇನಿ... ತಾಳು. ಇದನ್ನೂ ಎಳೀತೇನಿ, ಈ ತಾಡಪತ್ರಿ...

ಹಾಂ! ನೋಡು!

ನಿಂದು. ಹೊಸಾ ಸೈಕಲ್.

ಯಾಕ ಹಿಂದ ಸರದಿ? ಅದಲ್ಲವಾ ಇದು! ಅದು ಕೆಂಪಿತ್ತು. ಇದು ನೀಲಿ. ಅದನ್ನ ಗುಜರಿಗೆ ಹಾಕಿದೆ ಅಂತ ಅವತ್ತಽ ಹೇಳೇನಲ್ಲ. ಸೀಟು ನೋಡು, ಹಿಂತಾ ಸೀಟಿತ್ತೇನು ಅದಕ್ಕ? ಮುಂದ ಬುಟ್ಟಿ ಐತಿ, ಪುಸ್ತಕ ಇಡಾಕ. ಗಂಟಿ ಕೇಳು... ಕೇಳಿದ್ಯಾ? ಬ್ಯಾರೆ ದನಿ.

ಬೈಪಾಸಿಗೆ ಹೋಗೂದು ಬ್ಯಾಡ. ಗಬ್ಬೂರ ಒಳಗಿನ ಹಾದಿ ಐತಿ, ಅದರಾಗ ಹೋಗು. ಮೊದ್ಲಿಗೆ ನಾನೂ ಬರ್ತೇನಿ ಹಿಂದಿಂದ, ನಡಕೋತ. ಸಾಲಿತನಾ. ಗೆಳತ್ಯಾರು ನಗತಾರ ಅಂದ್ರ ದೂರ ಬರ್ತೇನಿ.

ನಿಲ್ಲಸ್ತೇನಿ ನೋಡು. ಹಿಂಗ ಹಿಂದಕ್ಕ ತಂದು... ಸ್ಟ್ಯಾಂಡ್ ಒತ್ತಿ... ಎತ್ತಿದ್ರ... ಆತು. ನೋಡು ಹೆಂಗ ನಿಂತೈತಿ! ನೆಟ್ಟಗ. ಕೈ ಬಿಟ್ಟೆ. ದೂಡಿದ್ರೂ ಅಲ್ಲಾಡಂಗಿಲ್ಲ.

ಹೆಂಗೈತಿ? ಹೇಳು. ಚೀಲ ಒಳಗ ಇಡೂನೇನು? ನಿಮ್ಮತ್ತಿಗೆ ಫೋನ್ ಮಾಡ್ಲಿ?

...ಏನ ನೋಡಾಕತ್ತಿ ಕೆಳಗ?

ಅದಾ? ಅದು ಫರಸಿ ಕಲ್ಲಿನ ತುಂಡು. ಸಿಮೆಂಟು ಕಡಿಮಿ ಬಿತ್ತು, ಅದಕ್ಕ ತುಂಬಿದೆ. ಇಲ್ಲಾ... ನೀರ ನಿಂದ್ರಬಾರ್ದಂತ. ಮಳಿಗಾಲದಾಗ ನೀರ ಬಂದ್ರ... ಏಳು, ಕುಂದ್ರಬ್ಯಾಡ ಅಲ್ಲೆ. ಕೈ ಹಚ್ಚಬ್ಯಾಡ, ಸಿಮೆಂಟು ಕಚ್ಚತೈತಿ.

ಹೌದು. ನೆಲಾ ಮಟ್ಟ ಐತಿ. ನಾನಽ ಮಟ್ಟಗೋಲು ಇಟ್ಟ ಎಳದೇನಿ. ಹೌದು... ಮಟ್ಟ ಇದ್ದ ನೆಲದಾಗ, ಹೊಸಾ ಸೈಕಲ್ಲಿಗೆ, ಎಡಗಾಲಿನ ಕೆಳಗಷ್ಟ ಕಲ್ಲ ಯಾಕ...

ಹಂಗ್ಯಾಕ ನೋಡ್ತಿ ನನ್ನ? ಏನರ ಅನ್ನು. ಸುಳ್ಳಬುರುಕ ಅನ್ನು!

ಗೊತ್ತಾತಲ್ಲ. ಅಂಗಳದಾಗಿನ ಕಲ್ಲಽ ಅದು. ನಡುವ ತಗ್ಗ ಬಿದ್ದೈತಿ, ನಿನಗ ಕೈಗೆ ಹತ್ತಿರಬೇಕು. ನಿಮ್ಮವ್ವ ದಿನಾ ಸ್ಟ್ಯಾಂಡ್ ಕುಟ್ಟಿ ಕುಟ್ಟಿ ಬಿದ್ದ ತಗ್ಗು. ಸಿಮೆಂಟು ಎಳಿಯೂ ಮುಂದ ಕೈ ತಾನಽ ಅದನ್ನ ತಂದು ಇಟ್ಟಿತು. ಎಡಕ್ಕ ಕಲ್ಲ ಬೇಕು, ಇಟ್ಟೆ. ಮ್ಯಾಲ ಗೋಣಿಚೀಲ ಹೊಚ್ಚಿದೆ. ಮರತೆ.

ಗುಜರಿಗೆ ಒಯ್ದಿದ್ದೆ, ವಾಣಿ. ಅದು ಸುಳ್ಳಲ್ಲ. ಗುಜರಿಯಂವ ತಕ್ಕಡಿ ಹಗ್ಗ ಕಟ್ಟಿ ಎತ್ತಿದ. ಅದು ವಾಲಿತು. ಎಡಕ್ಕ. ಹೊಳ್ಳಿ ತಗೊಂಡ ಬಂದೆ.

ಜಾವೀದನ ಅಂಗಡಿ ಹಿಂದ ಇಟ್ಟಿದ್ದೆ. ಬಣ್ಣಾ ಅಂವನಽ ಬಳದ. ಎಲ್ಲಾ ಬದಲಿ ಮಾಡಿದ, ಸೀಟು, ಗಂಟಿ, ಟೈರು... ಸ್ಟ್ಯಾಂಡೂ ಹೊಸಾದ ಹಾಕ್ತೇನಿ ತಾಳ್ರಿ ಅಂದ. ನಾ ಬ್ಯಾಡ ಅಂದೆ.

ಯಾಕ ಬ್ಯಾಡ ಅಂದೆ?... ನೀ ಅದನ್ನಽ ಕೇಳಾಕತ್ತಿ. ಬಾಯಿಲೆ ಕೇಳವಲ್ಲಿ, ಕೇಳಾಕತ್ತಿ.

ಸಾಲಿ ಸಾಲಿ ಅಂದೆ ನಾ. ನಿನ್ನ ಸಲುವಾಗಿ ಕಟ್ಟೇನಿ ಅಂತ ನನಗೂ ಅನಸಿತ್ತು. ಜಾವೀದಗ ಅಂದೆ, ನಿಮ್ಮತ್ತಿಗೆ ಫೋನಿನ್ಯಾಗ ಅಂದೆ, ಪೋರಿ ಸಾಲಿಗೆ ಹೋಗ್ಲಿ ಅಂತ ಕಟ್ಟಾಕತ್ತೇನಿ ಅಂತ. ನಿನ್ನ ಸಲುವಾಗಿ ಆಗಿದ್ರ ಸ್ಟ್ಯಾಂಡ್ ಬದಲಿ ಮಾಡಸ್ತಿದ್ದೆ. ಹೌದಿಲ್ಲೋ? ಹೊಸಾ ಕಾಲು ಹಾಕಿ ಕಲ್ಲ ಒಗೀತಿದ್ದೆ.

ಅದು ನಿಂದ್ರಬೇಕಿತ್ತು, ಯವ್ವಾ. ಅದಽ. ಮೊದ್ಲ ಹೆಂಗ ನಿಂದ್ರತಿತ್ತು ಹಂಗ. ಇಷ್ಟಽ ಇತ್ತು ಮನಸಿನ್ಯಾಗ. ಬರಬಾರ್ದು ಅಂತ ನೀ ಅಂದದ್ದನ್ನ ನಿನ್ನ ಹೆಸರ ಹೇಳಿನಽ ಒಳಗ ತಂದೆ.

...

ಎಲ್ಲಿ ಹೊಂಟಿ? ಚೀಲ ಯಾಕ... ವಾಣಿ. ಬಸ್ಸಿಗೆ ಇನ್ನಾ ಹೊತ್ತೈತಿ ಅಂದೇನಲ್ಲ.

ಆತು. ಕೊಡು ಇಲ್ಲೆ. ಕೊಡು, ಭಾರೈತಿ. ಕ್ಯಾರಿಯರಿಗೆ ಕಟ್ಟತೇನಿ. ನಾ ತಳ್ಕೊಂಡ ಬರ್ತೇನಿ ಕ್ರಾಸಿನತನಾ. ಏರಂಗಿಲ್ಲ, ತಳ್ಳತೇನಿ ಅಷ್ಟ. ನೀ ಮುಂದ ನಡಿ, ಹಿಂದ ನೋಡಬ್ಯಾಡ. ಹಾದ್ಯಾಗ ಗುಜರಿ ಅಂಗಡಿ ಬರತೈತಿ. ಈ ಸಲ ತಕ್ಕಡಿ ಕಡೆ ನೋಡಂಗಿಲ್ಲ ನಾ. ಕೊಟ್ಟು ಬರ್ತೇನಿ, ನಿನ್ನ ಎದುರಿಗೆನಽ.

ಇಲ್ಲಾಂದ್ರ ನೀ “ನಿಂದ್ರು” ಅನ್ನು. ನಿಂದ್ರತೇನಿ. ಸೈಕಲ್ಲಿಗೆ ಅನ್ನು, ನನಗ ಅನ್ನು, ಯಾರಿಗರ ಅನ್ನು. ಒಂದ ಮಾತು.

...

ಅನ್ನಂಗಿಲ್ಲಾ?

ಆತು. ನಡಿ. ಕಾಲ ನೋಡಿ ಇಡು, ಇಳಸೇನಿ ಸೈಕಲ್. ಕಲ್ಲ ಮ್ಯಾಲ ಎದ್ದೈತಿ... ಎಡವಿ ಬಿದ್ದೀ.