ಇವತ್ತು ಯಾವ ವಾರ?

ಅಮೆರಿಕದ ಉತ್ತರದ ಕಡಲಂಚಿನ ಸಿಟ್ಕಾದಲ್ಲಿ ಮಳೆ ಹಿಡಿದರೆ ಸುಲಭಕ್ಕೆ ಬಿಡುವುದಿಲ್ಲ. ದೋಣಿ ಇಳಿಸಲಾಗದ ಮೀನುಗಾರ ಹುಡುಗರು ಸಂಜೆ ಅಗ್ರಫೇನಜ್ಜಿಯ ಮನೆಗೆ ನುಗ್ಗಿ ಒಲೆಯ ಸುತ್ತ ಕೂತರು. ಅವರಲ್ಲಿ ಗೆರಾಸಿಮನ ಬಾಯಿ ಸುಮ್ಮನಿರುವಂಥದ್ದಲ್ಲ.

"ಅಜ್ಜಿ, ಈ ದಂಡೆ ಮನೇಲಿ ಒಬ್ಬಳೇ ಇರ್ತೀಯಲ್ಲ, ದೆವ್ವಗಿವ್ವ ಬರಲ್ವಾ?" ಎಂದು ಕೆಣಕಿದ.

"ಬಂದ್ರೂ ನಿನ್ನ ಹಾಗೆ ಚಹಾ ಎಲ್ಲಾ ಕುಡಿದು ಖಾಲಿ ಮಾಡಲ್ಲ ಬಿಡು," ಎಂದಳು ಅಜ್ಜಿ. ಹುಡುಗರು ನಕ್ಕರು. ಅವಳು ನಗಲಿಲ್ಲ.

"ಕೇಳ್ರೋ... ನಮ್ಮಜ್ಜಿ ಕಾಲದ ಮಾತು. ರಷ್ಯದ ದೊರೆ ಈ ನಾಡನ್ನ ಅಮೆರಿಕದವರಿಗೆ ಮಾರಿಬಿಟ್ಟ. ನಮ್ಮನ್ನ ಕೇಳಿದ್ನಾ? ಸಂತೇಲಿ ಕುರಿ ಮಾರೋವಾಗ ಕುರೀನ ಯಾರು ಕೇಳ್ತಾರೆ! ಒಂದು ಬಾವುಟ ಇಳೀತು, ಇನ್ನೊಂದು ಏರಿತು. ರಷ್ಯದವರೆಲ್ಲ ಗಂಟುಮೂಟೆ ಕಟ್ಟಿದ್ರು. ಅವರಲ್ಲಿ ಯೆಫೀಮ ಅಂತ ಒಬ್ಬ ಬಡಗಿ. ಹೆಂಡತಿ ಮಾತ್ರ್ಯೋನ ಇಲ್ಲಿಯವಳೇ, ನಮ್ಮ ಪೈಕಿ. ಒಂದು ಪುಟ್ಟ ಮಗಳು. 'ಶನಿವಾರ ಬೆಳಿಗ್ಗೆ ಹಡಗು ಹೊರಡುತ್ತೆ ಕಣೇ' ಅಂದ ಗಂಡ. 'ಅಷ್ಟರಲ್ಲಿ ಅಮ್ಮನ ಮುಖ ನೋಡ್ಕೊಂಡು ಬಂದ್ಬಿಡ್ತೀನಿ' ಅಂತ ಮಗೂನ ಅವನ ಕೈಗೆ ಕೊಟ್ಟು ಆಚೆ ದ್ವೀಪದ ತವರಿಗೆ ಹೋದಳು. ಇನ್ನೆಂದೂ ನೋಡೋಕಾಗದ ತಾಯಿ... ಬಿಟ್ಟು ಬರೋದು ಸುಲಭವಾ? ಅಲ್ಲಿ ವಾರದ ಲೆಕ್ಕವೇ ತಪ್ಪಿಹೋಯ್ತು. ಒಂದು ನಸುಕಲ್ಲಿ ಹೊರಟು ನಿಂತಾಗ ಅಲ್ಲೊಬ್ಬ ಅಮೆರಿಕದ ವ್ಯಾಪಾರಿ ಸಿಕ್ಕ. 'ಇವತ್ತು ಯಾವ ವಾರ ಅಣ್ಣ?' ಅಂದಳು. 'ಶುಕ್ರವಾರ' ಅಂದ. ಸದ್ಯ, ಅಮ್ಮನ ಪಕ್ಕ ಇನ್ನೊಂದು ರಾತ್ರಿ ಮಲಗಬಹುದು ಅಂತ ನಿಂತುಬಿಟ್ಟಳು."

"ಸುಳ್ಳು ಹೇಳಿದ್ನಾ ಅವನು?" ಎಂದ ಗೆರಾಸಿಮ.

"ಇಲ್ಲ ಕಣೋ, ಅದೇ ನೋಡು ಹಣೆಬರಹ! ರಷ್ಯದವರು ಸೂರ್ಯ ಮುಳುಗೋ ದಿಕ್ಕಿಂದ ವಾರ ಎಣಿಸ್ಕೊಂಡು ಬಂದೋರು, ಅಮೆರಿಕದವರು ಸೂರ್ಯ ಹುಟ್ಟೋ ದಿಕ್ಕಿಂದ. ಇಲ್ಲಿ ಸೇರೋ ಹೊತ್ತಿಗೆ ಇಬ್ಬರ ಲೆಕ್ಕಕ್ಕೂ ಒಂದು ದಿನ ವ್ಯತ್ಯಾಸ. ಅಮೆರಿಕದವರ ಶುಕ್ರವಾರ ರಷ್ಯದವರಿಗೆ ಆಗಲೇ ಶನಿವಾರ. ಯೆಫೀಮ ಕಾದ, ಕಾದ... ತವರು ಬಿಡೋಕೆ ಇವಳಿಗೆ ಮನಸ್ಸು ಬರ್ಲಿಲ್ಲ ಅಂದ್ಕೊಂಡು ಮಗೂನ ಎತ್ಕೊಂಡು ಹಡಗು ಹತ್ತಿಬಿಟ್ಟ. ಮಾರನೇ ದಿನ ಇವಳು ಓಡಿ ಬಂದು ನೋಡ್ತಾಳೆ... ಬರೀ ನೀರು. 'ಇವತ್ತು ಶನಿವಾರ ಅಲ್ವಾ? ಶನಿವಾರ ಅಲ್ವಾ?' ಸಿಕ್ಕಸಿಕ್ಕವರನ್ನೆಲ್ಲ ಕೇಳಿದಳು. ಬಂದರಿನಲ್ಲಿದ್ದ ಅಮೆರಿಕದ ಸಿಪಾಯಿಗಳು 'ಹೌದಮ್ಮ, ಶನಿವಾರವೇ' ಅಂದ್ರು. ಅವರೂ ಸುಳ್ಳು ಹೇಳಲಿಲ್ಲ. ಆ ಚಳಿಗಾಲ ದಾಟಲಿಲ್ಲ ಅವಳು. ನೆನೆಸ್ಕೊಂಡ್ರೆ ಕರುಳು ಹಿಂಡುತ್ತೆ ಕಣ್ರೋ..."

ಅಜ್ಜಿ ಒಲೆಗೆ ಇನ್ನೊಂದು ಕೊರಡು ತಳ್ಳಿದಳು.

"ಈಗಲೂ ಮಳೆ ಸಂಜೆ ಬಾಗಿಲು ತಟ್ಟಿ ಕೇಳ್ತಾಳೆ, ಇವತ್ತು ಯಾವ ವಾರ ಅಂತ. ಶನಿವಾರ ಅಂದ್ರೆ ಮುಗೀತು, ಕೂಗ್ತಾ ಕಡಲಿಗೆ ಓಡ್ತಾಳೆ. ನಮ್ಮ ಯಜಮಾನ್ರು ತೀರ್ಕೊಂಡ ವರ್ಷ ನನ್ನ ಬಾಗಿಲಿಗೂ ಬಂದಳು. ನಾನೂ ಒಬ್ಬಳೇ ಕೂತಿದ್ದೆ... ಮಾತಾಡೋಕೆ ಒಂದು ನರಪಿಳ್ಳೆ ಇರಲಿಲ್ಲ. 'ಶುಕ್ರವಾರ ತಾಯಿ, ಇನ್ನೂ ಹೊತ್ತಿದೆ, ಒಳಗೆ ಬಾ' ಅಂದೆ."

ಗೆರಾಸಿಮ ನಗಲು ನೋಡಿದ, ಆಗಲಿಲ್ಲ. ಒಳಕೋಣೆಯಲ್ಲಿ ಮಂಚ ಕಿರುಗುಟ್ಟಿತು.

"ಮೆಲ್ಲಗೆ ಮಾತಾಡ್ರೋ, ಎದ್ದುಬಿಟ್ಟಳು," ಅಜ್ಜಿ ಪಿಸುಗುಟ್ಟಿ ಅವನ ಕೈ ಹಿಡಿದುಕೊಂಡಳು. "ಕೇಳಿದ್ರೆ ಶುಕ್ರವಾರ ಅನ್ನಿ. ನಿಮ್ಮ ದಮ್ಮಯ್ಯ... ಇವಳೂ ಹೋದ್ರೆ ನನಗೆ ಯಾರಿದ್ದಾರೆ?"